ಮಾನಸಾ ಮಿಸ್ಸಿನ ಸೇಡಿನ ಪಾಠ

"ಇವರಿಗೆ ಏನೂ ಬರಲ್ವಲ್ಲ ಮೇಡಂ! ಇಷ್ಟು ದಿನ ಏನು ಪಾಠ ಮಾಡಿದ್ದೀರಿ?"

ಏಳನೇ ತರಗತಿಯ ಬಾಗಿಲಲ್ಲಿ ನಿಂತಿದ್ದ ಮಾನಸಾಗೆ ಕೆನ್ನೆಗೆ ಬಾರಿಸಿದ ಹಾಗಾಯಿತು.

ಮಾತಾಡಿದವನು ಶಶಿಕುಮಾರ್. ದಂಡಿಗನಹಳ್ಳಿ ಹೋಬಳಿಯ ಶಾಲೆಗಳನ್ನು ಸುತ್ತಿ, ಪಾಠ ಹೇಗೆ ನಡೆಯುತ್ತಿದೆ ಎಂದು ನೋಡಲು ಹೊಸದಾಗಿ ಬಂದಿದ್ದ ಸಿ.ಆರ್.ಪಿ. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಧೂಳು ಮೆತ್ತಿದ ಬೂಟು, ನೇರ ನೋಡುವ ಕಣ್ಣು. ಆ ಕಣ್ಣುಗಳು ಚೆನ್ನಾಗಿದ್ದವು... ಅದಕ್ಕೂ ಅವಳಿಗೆ ಸಿಟ್ಟು ಬಂತು!

ಮಕ್ಕಳು ಆಗಷ್ಟೇ ಬೆಳಗಿನ ಹಾಲು ಕುಡಿದು ಬಂದು ಕೂತಿದ್ದರು. ಕೆಲವರ ತುಟಿಯ ಮೇಲೆ ಇನ್ನೂ ಬಿಳಿ ಮೀಸೆ ಇತ್ತು. ಅವನು ಕೇಳಿದ್ದು ಸುಲಭದ ಪ್ರಶ್ನೆಯೇ. "ವಾಟ್ ಡಿಡ್ ಯೂ ಡೂ ಯೆಸ್ಟರ್‌ಡೇ?" ಒಬ್ಬರಾದರೂ ಬಾಯಿ ಬಿಡಲಿಲ್ಲ. ಮತ್ತೊಂದು ಪ್ರಶ್ನೆ ಕೇಳಿದ. ಎಲ್ಲರೂ ಕೊನೆಯ ಸಾಲಿನತ್ತ ತಿರುಗಿ ನೋಡಿದರೇ ಹೊರತು ಯಾರ ತುಟಿಯೂ ಅಲುಗಲಿಲ್ಲ.

ಕೊನೆಯ ಸಾಲಿನಲ್ಲಿ ಧನ್ಯಾ ತಲೆಯನ್ನು ಡೆಸ್ಕಿಗೆ ಆನಿಸಿಕೊಂಡು ಕೂತಿದ್ದಳು.

ಆ ಮೌನದ ಕಾರಣ ಮಾನಸಾಗೆ ಗೊತ್ತಿತ್ತು. ಅದು ಅವಳೇ ಮಾಡಿದ ಕಾನೂನು!

ಹಿಂದಿನ ವರ್ಷ ಧನ್ಯಾ ಇಂಗ್ಲಿಷಿನಲ್ಲಿ ಏನೋ ಹೇಳಲು ಹೋಗಿ ತೊದಲಿದ್ದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಮಾರನೇ ದಿನದಿಂದ ಹುಡುಗಿ ಶಾಲೆಗೇ ಬರಲಿಲ್ಲ. ಅವಳ ಅಜ್ಜಿ ಬೈರಮ್ಮ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. "ಓಗಾಕಿಲ್ಲ ಅಂತ ಅಟ ಇಡ್ಕೊಂಡವ್ಳೆ ಮಿಸ್ಸು, ನಾನೇನ್ ಮಾಡ್ಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ಮಾನಸಾ ಮನೆಗೇ ಹೋಗಿ, ಹುಡುಗಿಯ ಕೈ ಹಿಡಿದು ಕರೆತಂದಿದ್ದಳು. ಆ ದಿನವೇ ತರಗತಿಗೆ ಹೇಳಿದ್ದಳು. "ಇನ್ನು ಮೇಲೆ ಇಂಗ್ಲಿಷಲ್ಲಿ ಮೊದಲು ಉತ್ತರ ಹೇಳೋದು ಧನ್ಯಾ. ತಪ್ಪೋ ಸರಿಯೋ, ಅವಳು ಹೇಳೋವರೆಗೂ ಯಾರೂ ಬಾಯಿ ಬಿಡೋ ಹಾಗಿಲ್ಲ. ಯಾರೇ ಕೇಳಲಿ!"

ಮಕ್ಕಳು ಅದನ್ನು ದೇವರ ಮಾತಿನ ಹಾಗೆ ಪಾಲಿಸಿದ್ದರು. ಧನ್ಯಾಗೂ ಮೆಲ್ಲಗೆ ಮಾತು ಬರತೊಡಗಿತ್ತು. ಆದರೆ ಇವತ್ತು ಹೊಸ ಮುಖ ನೋಡಿ ಅವಳಿಗೆ ನಾಲಿಗೆಯೇ ಏಳಲಿಲ್ಲ.

"ಸಾರ್, ಅವರಿಗೆ ಬರುತ್ತೆ..." ಮಾನಸಾ ಶುರು ಮಾಡಿದಳು.

"ಬಂದಿದ್ರೆ ಹೇಳ್ತಿದ್ರು ಮೇಡಂ," ಎಂದುಬಿಟ್ಟ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಮುಖ್ಯೋಪಾಧ್ಯಾಯ ಪಂಚಾಕ್ಷರಯ್ಯನವರಿಗೆ ಕೈ ಮುಗಿದು, ಬೈಕು ಹತ್ತಿ ಹೊರಟೇಹೋದ.

ಹಿಂದೆಯೇ ಓಡಿ ಹೋಗಿ ವಿಷಯ ಹೇಳಬಹುದಿತ್ತು. ಹೇಳಲಿಲ್ಲ. 'ಪೂರ್ತಿ ಕೇಳೋ ವ್ಯವಧಾನ ಇಲ್ಲದವನಿಗೆ ನಾನ್ಯಾಕೆ ಹೇಳಲಿ?'

ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಅವಳ ಸೀರೆಯ ಅಂಚು ಎಳೆದಳು. "ಮಿಸ್, ನಂಗೆ ಆನ್ಸರ್ ಗೊತ್ತಿತ್ತು. ಆದ್ರೂ ಏಳ್ಲಿಲ್ಲ. ನಿಮ್ ಮಾತ್ ಮೀರ್ಲಿಲ್ಲ ಅಲ್ವಾ ಮಿಸ್?"

"ಇಲ್ಲ ಕಂದಾ... ಮೀರಲಿಲ್ಲ," ಎಂದಳು ಮಾನಸಾ.

'ಇಂಥ ಮಕ್ಕಳಿಗೆ ಏನೂ ಬರಲ್ಲ ಅಂದೆಯಾ? ಇರು!'

ಆ ತಿಂಗಳು ಮುಗಿಯುವುದರೊಳಗೆ ಇನ್ನೊಂದು ಪೆಟ್ಟು ಬಿತ್ತು. ವಾರದ ಮೊದಲ ಅರ್ಧ ಅವಳು ತಾಲ್ಲೂಕಿನ ಇನ್ನೊಂದು ಮೂಲೆಯ ಶಾಲೆಗೆ ನಿಯೋಜನೆ ಮೇಲೆ ಹೋಗಬೇಕು! ಎರಡು ಬಸ್ಸು ಬದಲಿಸಿ, ಕೊನೆಗೆ ಆಟೋದಲ್ಲಿ ನೇತಾಡಿಕೊಂಡು ಹೋಗುವ ಊರು. ಅಷ್ಟು ದಿನ ತನ್ನ ಏಳನೇ ತರಗತಿಗೆ ಇಂಗ್ಲಿಷೇ ಇಲ್ಲ.

"ಯಾಕೆ ಸಾರ್ ನನ್ನನ್ನೇ?" ಎಂದು ಕೇಳಿದಳು.

ಪಂಚಾಕ್ಷರಯ್ಯ ಕನ್ನಡಕ ತೆಗೆದು ಒರೆಸುತ್ತಾ ಕೂತರು. ಅವಳ ಮುಖ ನೋಡಲಿಲ್ಲ. "ಏನ್ ಮಾಡೋದಮ್ಮಾ, ಮೇಲಿಂದ ಬಂದಿದೆ. ಆ ಹೊಸ ಸಿ.ಆರ್.ಪಿ. ಬಂದು ಹೋದ್ಮೇಲೇ ಅಲ್ವಾ ಇದೆಲ್ಲ ಶುರುವಾಗಿದ್ದು..."

ಅಷ್ಟು ಸಾಕಾಯಿತು.

ಸಂಜೆ ಚನ್ನರಾಯಪಟ್ಟಣದ ತನ್ನ ಬಾಡಿಗೆ ರೂಮಿನಲ್ಲಿ ಕೂತು, ಹೊಳೆನರಸೀಪುರದಲ್ಲಿದ್ದ ಅಮ್ಮ ಪುಷ್ಪಾವತಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು.

"ಹೋಗ್ಲಿ ಬಿಡು ಮಗಳೇ. ಅರಕಲಗೂಡಿನೋರು ಮತ್ತೆ ಫೋನ್ ಮಾಡಿದ್ರು. ಹುಡುಗ ಒಳ್ಳೆಯವನಂತೆ. ಒಂದ್ಸಲ ಬಂದು ನೋಡ್ಕೊಂಡು ಹೋಗು."

"ಅಮ್ಮಾ, ನಾನು ಏನು ಹೇಳ್ತಿದ್ದೀನಿ, ನೀನು ಏನು ಹೇಳ್ತಿದ್ದೀಯ!"

"ಕೇಳ್ತಾ ಇದ್ದೀನಿ ಕಣೇ. ಒಬ್ಬ ಗಂಡಸು ಮಾತಾಡಿದ್ದಕ್ಕೆ ಊಟ ಬಿಟ್ಟು ಕೂತಿದ್ದೀಯ, ಅಷ್ಟು ಗೊತ್ತಾಯ್ತು."

"ನಾನು ಬಿಡಲ್ಲಮ್ಮಾ. ನನ್ನ ಮಕ್ಕಳ ಮುಂದೆ ನನ್ನ ಮಾನ ತೆಗೆದ. ಆಮೇಲೆ ಆ ಮಕ್ಕಳನ್ನೇ ನನ್ನಿಂದ ದೂರ ಮಾಡಿದ. ಅದೇ ಮಕ್ಕಳ ಮುಂದೆ ಅವನು ತಲೆ ತಗ್ಗಿಸಿ ನಿಲ್ಲಬೇಕು!"

"ಮೊದಲು ಊಟ ಮಾಡು," ಎಂದಳು ಅಮ್ಮ.

ಮುಂದಿನ ಸಮಾಲೋಚನಾ ಸಭೆಗೆ ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಸೇರಿದ್ದರು. ಹಾಸನದಿಂದ ಹಿರಿಯ ಅಧಿಕಾರಿಯೊಬ್ಬರೂ ಬಂದಿದ್ದರು. ಇಂಗ್ಲಿಷ್ ಪಾಠ ಹೇಗಿರಬೇಕು ಎಂದು ಶಶಿಕುಮಾರ್ ವಿವರಿಸುತ್ತಿದ್ದಾಗ ಮಾನಸಾ ಎದ್ದು ನಿಂತಳು.

"ಸಾರ್, ಒಂದು ಡೌಟು. ಹೀಗೆ ಹೇಳಿಕೊಡೋರು ತಾವೇ ಪಾಠ ಮಾಡಿ ಎಷ್ಟು ಕಾಲ ಆಯ್ತು?"

ಹಿಂದಿನ ಸಾಲಿನಲ್ಲಿ ನಗೆ ಎದ್ದಿತು. ಶಶಿಕುಮಾರನ ಕಿವಿ ಕೆಂಪಾಯಿತು. ಸಿಟ್ಟಾಗುತ್ತಾನೆ ಎಂದು ಅವಳು ಕಾದಳು. ಅವನೂ ನಕ್ಕುಬಿಟ್ಟ!

"ಮರೆತೇ ಹೋಗಿರಬೇಕು ಮೇಡಂ. ನೀವು ಕೇಳಿದ್ದು ಸರಿಯಾಗೇ ಇದೆ."

"ಹಾಗಿದ್ರೆ ಮುಂದಿನ ಸಭೇಲಿ ನೀನೇ ಒಂದು ಮಾದರಿ ಪಾಠ ಮಾಡಿ ತೋರಿಸಪ್ಪ ಶಶಿಕುಮಾರ್," ಎಂದರು ಅಧಿಕಾರಿ. "ನಿಜವಾದ ಮಕ್ಕಳ ಮುಂದೆ. ಎಲ್ಲರೂ ನೋಡ್ಲಿ."

ಮಾನಸಾಳ ಎದೆಯಲ್ಲಿ ಏನೋ ಭಗ್ಗೆಂದು ಹತ್ತಿಕೊಂಡಿತು. ನಿಜವಾದ ಮಕ್ಕಳು... ತನ್ನ ಏಳನೇ ತರಗತಿ! ಧನ್ಯಾ ಬಾಯಿ ಬಿಡದಿದ್ದರೆ ಆ ತರಗತಿ ಕಲ್ಲಿನ ಗೋಡೆ. ಅವನು ಎಷ್ಟು ಬೇಕಾದರೂ ಪ್ರಶ್ನೆ ಕೇಳಿಕೊಳ್ಳಲಿ. ಇವಳು ಮಾಡಬೇಕಾದದ್ದು ಒಂದೇ... ಸುಮ್ಮನಿರುವುದು!

ಮಾರನೇ ವಾರ ಹಾಸನದಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿ ಇತ್ತು. ಮುಗಿದ ಮೇಲೆ ಬಸ್‌ ಸ್ಟ್ಯಾಂಡಿನಲ್ಲಿ ಅವಳೇ ಅವನ ಹತ್ತಿರ ಹೋದಳು. ಮುಖದ ಮೇಲೆ ನಗು, ಒಳಗೆ ಕೆಂಡ.

"ಸಾರ್, ಮಾದರಿ ಪಾಠಕ್ಕೆ ನಮ್ಮ ಸ್ಕೂಲಿಗೇ ಬನ್ನಿ. ಏಳನೇ ಕ್ಲಾಸ್ ನಾನು ಕೊಡ್ತೀನಿ."

"ನಿಜವಾಗ್ಲೂನಾ ಮೇಡಂ?" ಜಾತ್ರೆಯಲ್ಲಿ ಪೀಪಿ ಸಿಕ್ಕ ಮಗುವಿನ ಹಾಗೆ ಅವನ ಮುಖ ಅರಳಿತು. "ನೀವು ನನ್ನ ಮೇಲೆ ಸಿಟ್ಟಾಗಿದ್ದೀರಿ ಅಂದ್ಕೊಂಡಿದ್ದೆ!"

"ಅಯ್ಯೋ, ಸಿಟ್ಟು ಯಾಕೆ ಸಾರ್?"

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಪಕ್ಕಪಕ್ಕದ ಸೀಟೇ ಸಿಕ್ಕಿತು. ಅವನ ಊರು ಶಾಂತಿಗ್ರಾಮ, ದಾರಿಯಲ್ಲೇ. ಹುರಿದ ಕಡಲೆಕಾಯಿ ಪೊಟ್ಟಣ ಬಿಚ್ಚಿ ಇಬ್ಬರ ನಡುವೆ ಇಟ್ಟ. ಮಾತು ಎಲ್ಲಿಂದ ಶುರುವಾಯಿತೋ, ಅವನ ಮೊದಲ ಕೆಲಸದ ಕತೆಗೆ ಬಂದು ನಿಂತಿತು.

"ನಮ್ಮೂರ ಪಕ್ಕದ ಸ್ಕೂಲು ಮೇಡಂ. ಮಕ್ಕಳಿಗೆ ಗುಡ್ ಮಾರ್ನಿಂಗ್ ಒಂದೇ ಚೆನ್ನಾಗಿ ಹಿಡಿಸಿತು. ಸಂಜೆ ಡೈರಿಗೆ ಹಾಲು ಹಾಕೋಕೆ ಹೋದ್ರೆ, ದಾರಿ ಉದ್ದಕ್ಕೂ ಗುಡ್ ಮಾರ್ನಿಂಗ್ ಸಾ, ಗುಡ್ ಮಾರ್ನಿಂಗ್ ಸಾ! ನಮ್ಮಮ್ಮ ಕೇಳ್ತಾಳೆ, 'ಇದೇನ್ಲಾ ಶಶಿ, ಊರಿಗೆಲ್ಲ ಕತ್ಲೆ ಆದ್ರೂ ನಿಂಗಿನ್ನೂ ಬೆಳಗೇ ಅರಿದಿಲ್ವಾ?'"

ಮಾನಸಾ ಕಿಲಕಿಲ ನಕ್ಕಳು. ಬಾಯಿಗೆ ಅಡ್ಡ ಹಿಡಿದ ಕೈಯಿಂದ ಕಡಲೆಕಾಯಿ ಚೆಲ್ಲಿತು. ನಕ್ಕ ಮೇಲೆ ಬೆಚ್ಚಿದಳು. 'ನಾನು ನಟಿಸ್ತಾ ಇರಬೇಕಿತ್ತಲ್ಲ... ಇದು ನಿಜವಾಗಿ ನಕ್ಕಿದ್ದಲ್ವಾ?'

ಅವನೂ ಅವಳ ನಗುವನ್ನೇ ನೋಡುತ್ತಿದ್ದ. ನಂತರ ಮೆಲ್ಲಗೆ ಹೇಳಿದ. "ಅವತ್ತು ನಾನು ಮಕ್ಕಳ ಮುಂದೆ ಹಾಗೆ ಮಾತಾಡಬಾರದಿತ್ತು ಮೇಡಂ. ಕ್ಷಮೆ ಕೇಳೋಣ ಅಂತ ಬಂದಿದ್ದೆ. ನೀವು ನಿಯೋಜನೆ ಮೇಲೆ ಹೋಗಿದ್ರಿ."

'ಕಳಿಸಿದವನೇ ನೀನು!' ಆರುತ್ತಿದ್ದ ಕೆಂಡದ ಮೇಲೆ ಯಾರೋ ಊದಿದ ಹಾಗಾಯಿತು.

"ಒಂದು ಮಾತು ಹೇಳ್ತೀರಾ? ಮಕ್ಕಳು ಅವತ್ತು ಯಾಕೆ ಸುಮ್ಮನಿದ್ರು? ಎಲ್ಲರೂ ಹಿಂದಕ್ಕೆ ತಿರುಗಿ ನೋಡ್ತಿದ್ರು. ಅದೇ ನನ್ನ ತಲೇಲಿ ಕೊರೀತಿದೆ. ನಿಮಗೆ ಗೊತ್ತಿರುತ್ತೆ."

ಮಾನಸಾ ಅವನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು.

"ಏನಿಲ್ಲ ಸಾರ್. ಹೊಸಬರು ಅಂದ್ರೆ ಭಯ, ಅಷ್ಟೇ. ಈ ಸಲ ಹೇಳ್ತಾರೆ."

ಶಾಂತಿಗ್ರಾಮ ಬಂತು. ಇಳಿದವನು ಬಸ್ಸು ಮರೆಯಾಗುವವರೆಗೂ ರಸ್ತೆ ಬದಿಯಲ್ಲೇ ನಿಂತಿದ್ದ. ಅವಳು ತಿರುಗಿ ನೋಡಬಾರದೆಂದುಕೊಂಡಳು. ನೋಡಿದಳು.

ಮಾದರಿ ಪಾಠದ ಹಿಂದಿನ ದಿನ, ಗಂಟೆ ಹೊಡೆದು ಮಕ್ಕಳೆಲ್ಲ ಓಡಿದ ಮೇಲೂ ಧನ್ಯಾ ಬ್ಯಾಗು ತಬ್ಬಿಕೊಂಡು ನಿಂತಿದ್ದಳು.

"ಮಿಸ್... ನಾಳೆ ಆ ಸಾ ಕೇಳಿದ್ರೆ ನಾನೇ ಮೊದ್ಲು ಏಳ್ಬೇಕಾ?"

"ಹೂಂ. ಯಾಕೆ?"

"ಸಾನೇ ಜನ ಬತ್ತಾರಂತೆ, ಅಜ್ಜಿ ಏಳ್ತು. ನಂಗಾಗಕಿಲ್ಲ ಮಿಸ್."

ಬೇರೆ ದಿನವಾಗಿದ್ದರೆ ಮಾನಸಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಧೈರ್ಯ ತುಂಬುತ್ತಿದ್ದಳು. 'ನಾಳೆ ಒಂದು ದಿನ ಯಾರು ಬೇಕಾದರೂ ಹೇಳಿ' ಎಂದು ತರಗತಿಗೆ ಹೇಳಿದರೂ ಆಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು.

ಅವಳು ಹುಡುಗಿಯ ತಲೆ ಸವರಿದಳು. "ಆಗದಿದ್ರೆ ಬಿಡು ಪುಟ್ಟಾ. ಬಲವಂತ ಏನಿಲ್ಲ."

ಎಷ್ಟು ಮೆತ್ತಗಿನ ಮಾತು! ಆ ಮೆತ್ತಗಿನ ಮಾತಿನೊಳಗೆ ಮುಳ್ಳು ಇಟ್ಟದ್ದು ಅವಳಿಗೊಬ್ಬಳಿಗೇ ಗೊತ್ತು. ಧನ್ಯಾ ನೆಮ್ಮದಿಯಿಂದ ನಕ್ಕು ಮನೆಗೆ ಓಡಿದಳು. ಆ ಸಂಜೆ ಮಾನಸಾಗೆ ಅನ್ನ ಸೇರಲಿಲ್ಲ. ಆದರೂ ಮನಸ್ಸು ಬದಲಾಗಲಿಲ್ಲ.

ಮರುದಿನ ಏಳನೇ ತರಗತಿಯ ಹಿಂಭಾಗದಲ್ಲಿ ಕುರ್ಚಿಗಳು ತುಂಬಿದವು. ಜಾಗ ಸಾಲದೆ ಕೆಲವು ಶಿಕ್ಷಕರು ಕಿಟಕಿಗೆ ಒರಗಿ ನಿಂತರು. ಅಧಿಕಾರಿ ನಡುವೆ ಕೂತರು. ಮಾನಸಾ ಗೋಡೆಯ ಪಕ್ಕ, ಅವನ ಮುಖ ಚೆನ್ನಾಗಿ ಕಾಣುವ ಕಡೆ ಜಾಗ ಹಿಡಿದಳು.

ಶಶಿಕುಮಾರ್ ಮನೆಯಿಂದ ಬುಟ್ಟಿಯೊಂದನ್ನು ತಂದಿದ್ದ. ಬದನೆಕಾಯಿ, ತೆಂಗಿನಕಾಯಿ, ಹಲಸಂದೆ, ಒಂದು ಹಿಡಿ ರಾಗಿತೆನೆ. ಒಂದೊಂದನ್ನೇ ಎತ್ತಿ ಹಿಡಿದು ಮಕ್ಕಳ ನಡುವೆ ಓಡಾಡಿದ. ನಡುವೆ ಒಂದೆರಡು ತಮಾಷೆ ಮಾಡಿದ. ಮಕ್ಕಳು ಮುಸಿಮುಸಿ ನಕ್ಕರು. ಅವನಿಗೆ ಪಾಠ ಮಾಡಲು ಚೆನ್ನಾಗಿಯೇ ಬರುತ್ತಿತ್ತು.

"ನೌ ಟೆಲ್ ಮಿ, ವಾಟ್ ಈಸ್ ದಿಸ್?"

ಮೌನ.

"ಎನಿಬಡಿ? ಹೂ ವಿಲ್ ಟೆಲ್?"

ಎಲ್ಲರೂ ಕೊನೆಯ ಸಾಲಿನತ್ತ ತಿರುಗಿದರು. ಧನ್ಯಾ ತಲೆ ತಗ್ಗಿಸಿದಳು.

ಅವನು ಪ್ರಶ್ನೆಯನ್ನು ಇನ್ನೂ ಸುಲಭ ಮಾಡಿದ. ಮಗುವಿನ ಹಾಗೆ ಅಭಿನಯಿಸಿ ತೋರಿಸಿದ. ಹಣೆಯಲ್ಲಿ ಬೆವರು ಒಡೆಯಿತು. ಒಮ್ಮೆ ಅವಳತ್ತ ನೋಡಿದ. ಅವಳು ಮುಖ ತಿರುಗಿಸಿದಳು.

'ಈಗ ಗೊತ್ತಾಯ್ತಾ? ಈಗ ಹೇಗಿದೆ?'

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿಯ ತಾಳ್ಮೆ ತಪ್ಪಿತು. "ಏನಪ್ಪ ಇದು? ಒಂದು ಬದನೆಕಾಯಿ ಹೆಸರು ಹೇಳೋಕೆ ಬರಲ್ವಾ ಇವಕ್ಕೆ? ಎಲ್ಲಾ ದಡ್ಡ ಮಕ್ಕಳೇನು?"

ಇದೇ ಗಳಿಗೆ! ಈಗ ಇವನು ಮಕ್ಕಳ ಮೇಲೆ ಹಾಕುತ್ತಾನೆ. ಅವತ್ತಿನ ಹಾಗೆ, ಏನೂ ಬರಲ್ಲ ಅನ್ನುತ್ತಾನೆ...

"ಇಲ್ಲ ಸಾರ್." ಶಶಿಕುಮಾರ್ ಬದನೆಕಾಯಿಯನ್ನು ಬುಟ್ಟಿಗೆ ಇಟ್ಟ. "ಮಕ್ಕಳು ದಡ್ಡರಲ್ಲ. ಇವರ ಕಣ್ಣಲ್ಲೇ ಉತ್ತರ ಇದೆ, ಬಾಯಿಗೆ ತರಿಸೋಕೆ ನನಗೆ ಬರ್ತಿಲ್ಲ. ತಪ್ಪು ನನ್ನದು."

ಅಷ್ಟು ಜನರ ಮುಂದೆ ತಲೆ ತಗ್ಗಿಸಿ ನಿಂತ.

ಅವಳು ಬಯಸಿದ್ದು ಅದೇ. ಅವಳ ಮಕ್ಕಳ ಮುಂದೆ, ಅದೇ ಕರಿಹಲಗೆಯ ಎದುರು. ಎಲ್ಲ ಅಂದುಕೊಂಡ ಹಾಗೇ ಆಗಿತ್ತು. ಆದರೆ ಮಾನಸಾಗೆ ಅವನ ಮುಖ ನೋಡಲಾಗಲಿಲ್ಲ.

ಕೊನೆಯ ಸಾಲಿನಿಂದ ಸಣ್ಣ ಬಿಕ್ಕು ಕೇಳಿಸಿತು. ಧನ್ಯಾ ಅಳುತ್ತಿದ್ದಳು. ಇಡೀ ತರಗತಿಯನ್ನು ದಡ್ಡರು ಅಂದದ್ದು ತನ್ನಿಂದ ಎಂದು ಆ ಮಗುವಿಗೆ ತಿಳಿದುಹೋಗಿತ್ತು. ಉಳಿದ ಮಕ್ಕಳು ಮಾನಸಾಳನ್ನೇ ನೋಡುತ್ತಿದ್ದರು. ಉತ್ತರ ತುಂಬಿದ ಬಾಯಿಗಳನ್ನು ಬಿಗಿ ಹಿಡಿದುಕೊಂಡು, 'ಮಿಸ್, ಇನ್ನೂ ಎಷ್ಟು ಹೊತ್ತು ಮಿಸ್?' ಎಂದು ಕಣ್ಣಲ್ಲೇ ಕೇಳುತ್ತಿದ್ದರು.

'ಅಯ್ಯೋ ದೇವರೇ... ನಾನು ಯಾರಿಗೆ ಏನು ಮಾಡಿಬಿಟ್ಟೆ?'

ಅವಳು ಎದ್ದಳು. ಯಾರ ಅನುಮತಿಯನ್ನೂ ಕೇಳಲಿಲ್ಲ. ಕೊನೆಯ ಸಾಲಿಗೆ ಹೋಗಿ, ಸೀರೆ ಧೂಳಾಗುವುದನ್ನೂ ನೋಡದೆ ಧನ್ಯಾಳ ಪಕ್ಕ ನೆಲದ ಮೇಲೆ ಕೂತಳು. ಸೆರಗಿನಿಂದ ಅವಳ ಮುಖ ಒರೆಸಿದಳು.

"ಧನ್ಯಾ, ಇಲ್ಲಿ ಯಾರೂ ಇಲ್ಲ. ನಾನು, ನೀನು ಇಬ್ಬರೇ. ವಾಟ್ ಡಿಡ್ ಯೂ ಈಟ್ ದಿಸ್ ಮಾರ್ನಿಂಗ್?"

ಧನ್ಯಾ ಮೂಗು ಎಳೆದಳು. ತುಟಿ ಅದುರಿತು. ತುಂಬಾ ಹೊತ್ತು ಹಿಡಿಯಿತು.

"ಐ... ಐ ಈಟ್ ರಾಗಿ ರೊಟ್ಟಿ ಮಿಸ್. ಅಂಡ್... ಬ್ರಿಂಜಾಲ್ ಪಲ್ಯ."

ಅಷ್ಟೇ ಸಾಕಿತ್ತು! ಕಟ್ಟೆ ಒಡೆದ ಹಾಗೆ ಇಡೀ ತರಗತಿ ಮೇಲೆದ್ದಿತು. "ಸಾರ್, ಬ್ರಿಂಜಾಲ್ ಸಾರ್!" "ದಟ್ ಈಸ್ ಕೊಕೊನಟ್!" "ಸಾರ್, ಮೈ ಗ್ರ್ಯಾಂಡ್‌ಮದರ್ ಗ್ರೋಸ್ ರಾಗಿ!" "ಸಾರ್, ಯುವರ್ ಬ್ರಿಂಜಾಲ್ ಹ್ಯಾಸ್ ಹೋಲ್, ವರ್ಮ್ ಇನ್‌ಸೈಡ್ ಸಾರ್!"

ಶಿಕ್ಷಕರೆಲ್ಲ ಘೊಳ್ಳೆಂದು ನಕ್ಕರು. ಅಧಿಕಾರಿಯೂ ಬಾಯಿ ತೆರೆದು ನೋಡುತ್ತಿದ್ದರು. ಶಶಿಕುಮಾರ್ ಮಾತ್ರ ನಗಲಿಲ್ಲ. ಧನ್ಯಾಳನ್ನು ನೋಡಿದ, ತಿರುಗಿದ ತಲೆಗಳನ್ನು ನೋಡಿದ, ನೆಲದ ಮೇಲೆ ಕೂತಿದ್ದ ಮಾನಸಾಳನ್ನು ನೋಡಿದ. ಎಲ್ಲವೂ ಅರ್ಥವಾಯಿತು.

ಪಾಠ ಮುಗಿಸಿ ಜಗುಲಿಗೆ ಬಂದಾಗ ಅವಳನ್ನು ಕೇಳಿದ.

"ಆ ಮಗು ಮೊದಲು ಮಾತಾಡಬೇಕು... ಅದು ನಿಮ್ಮ ಕ್ಲಾಸಿನ ಪದ್ಧತಿ. ಅಲ್ವಾ?"

"ಹೌದು."

"ಬಸ್ಸಲ್ಲಿ ನಾನು ಕೇಳಿದಾಗಲೂ ನಿಮಗೆ ಇದು ಗೊತ್ತಿತ್ತು."

"...ಗೊತ್ತಿತ್ತು."

ಅವನು ಬುಟ್ಟಿಯನ್ನು ಬೈಕಿಗೆ ಕಟ್ಟಿಕೊಂಡು ಹೊರಟುಹೋದ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು!

ಒಳಗೆ ಅಧಿಕಾರಿ ಪಂಚಾಕ್ಷರಯ್ಯನವರನ್ನು ಹಿಡಿದುಕೊಂಡಿದ್ದರು. "ಇಂಥ ಮೇಡಂನ ಅರ್ಧ ವಾರ ಹೊರಗೆ ಕಳಿಸಿದ್ದೀರಂತೆ? ಯಾರು ಇವರ ಹೆಸರು ಕೊಟ್ಟಿದ್ದು?"

ಪಂಚಾಕ್ಷರಯ್ಯ ಮತ್ತೆ ಕನ್ನಡಕ ಒರೆಸತೊಡಗಿದರು. "ನಾನೇ ಸಾರ್... ಒಬ್ಬರನ್ನ ಕಳಿಸಲೇಬೇಕಿತ್ತು. ಉಳಿದೋರಿಗೆಲ್ಲ ಮನೆ, ಮಕ್ಕಳು. ಈಯಮ್ಮಂಗೆ ಮದುವೆ ಆಗಿಲ್ಲ, ಓಡಾಡ್ತಾರೆ ಅಂತ... ಶಶಿಕುಮಾರ್ ಬೇಡ ಅಂತ ಜಗಳಾನೇ ಆಡಿದ್ರು. ನಾನೇ ಕೇಳಲಿಲ್ಲ."

ಬಾಗಿಲ ಬಳಿ ನಿಂತಿದ್ದ ಮಾನಸಾಗೆ ಪ್ರತಿ ಮಾತೂ ಕೇಳಿಸಿತು.

ಧನ್ಯಾ ಬಂದು ಅವಳ ಕೈ ಹಿಡಿದಳು. "ಮಿಸ್, ನಾನ್ ಮೊದ್ಲೇ ಏಳಿದ್ರೆ ಆ ಸಾಗೆ ಅಂಗಾಯ್ತಿರ್ಲಿಲ್ಲ ಅಲ್ವಾ?"

ಮಾನಸಾ ಬಗ್ಗಿ ಅವಳನ್ನು ಎದೆಗೆ ಅಪ್ಪಿಕೊಂಡಳು. "ನಿಂದೇನೂ ತಪ್ಪಿಲ್ಲ ಕಂದಾ. ತಪ್ಪು ಮಿಸ್‌ದು. ಪೂರ್ತಿ ಮಿಸ್‌ದೇ."

ಶಶಿಕುಮಾರ್ ಆಮೇಲೆ ಶಾಲೆಯ ಕಡೆಗೇ ಬರಲಿಲ್ಲ. ಏನಿದ್ದರೂ ಗ್ರೂಪಿನಲ್ಲಿ ಎಲ್ಲರಿಗೂ ಹಾಕುವ ಒಣ ಮೆಸೇಜು. ನಿಯೋಜನೆ ರದ್ದಾಗಿ ಮಾನಸಾಗೆ ತನ್ನ ತರಗತಿ ಪೂರ್ತಿಯಾಗಿ ಸಿಕ್ಕಿತು. ಆದರೆ ಹೊರಗೆ ಬೈಕಿನ ಸದ್ದಾದಾಗಲೆಲ್ಲ ಪಾಠ ನಿಂತುಹೋಗುತ್ತಿತ್ತು.

"ಮಿಸ್, ಅದು ಗ್ಯಾಸ್‌ನೋರ್ ಗಾಡಿ ಮಿಸ್," ಎಂದು ಮಕ್ಕಳೇ ಹೇಳತೊಡಗಿದಾಗ ಅವಳಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಹಾಸನದ ಬಸ್ಸು ಹತ್ತಿದಳು. ಶಾಂತಿಗ್ರಾಮದಲ್ಲಿ ಇಳಿದಳು.

ಕೇಳಿಕೊಂಡು ಅವನ ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಅಂಗಳದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಿಂತಳು. ಶಶಿಕುಮಾರನ ತಾಯಿ ನಂಜಮ್ಮ.

"ಯಾರವ್ವಾ ನೀನು? ಆಧಾರ್ ಕಾರ್ಡ್‌ನೋರಾ?"

"ಅಲ್ಲಮ್ಮಾ. ನಾನು ಟೀಚರ್. ಮಾನಸಾ ಅಂತ."

ನಂಜಮ್ಮನ ಕಣ್ಣು ದೊಡ್ಡದಾಯಿತು. ಕೈಯಲ್ಲಿದ್ದ ಹುಲ್ಲು ಕೆಳಗೆ ಬಿತ್ತು. "ಓ... ಇಂಗ್ಲಿಸ್ ಮಿಸ್ಸು! ನೀನೇನಾ ಅದು? ಆ ಮೇಡಂ ಅಂಗಂದ್ರು, ಆ ಮೇಡಂ ಇಂಗೆ ನಕ್ಕರು ಅಂತ ನನ್ ಕಿವಿ ತೂತು ಮಾಡಿಟ್ಟಿದ್ದ ಕಣವ್ವಾ. ಈಗ ನೋಡಿದ್ರೆ ಬಾಯಿಗೆ ಬೀಗ. ಮುದ್ದೆ ಮುಂದೆ ಕೂತ್ಕಂಡು ಗ್ವಾಡೆ ನೋಡ್ತಾನೆ. ಏನ್ ಮಾಡ್ದವ್ವಾ ನನ್ ಮಗುಂಗೆ?"

"ತಪ್ಪು ಮಾಡಿದೆ ಅಮ್ಮಾ. ಅದನ್ನ ಹೇಳೋಕೇ ಬಂದೆ."

ನಂಜಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಡೈರಿತಾವ ಅವ್ನೆ, ಓಗು. ಬತ್ತಾ ಇಬ್ರೂ ಒಟ್ಗೇ ಬನ್ನಿ. ಕಾಪಿ ಕಾಯಿಸ್ತೀನಿ," ಎಂದಳು.

ಡೈರಿಯ ಮುಂದೆ ಸಾಲು ಇತ್ತು. ಅದರಲ್ಲಿ ಶಶಿಕುಮಾರ್ ನಿಂತಿದ್ದ. ಲುಂಗಿ, ಹಳೆಯ ಟೀ ಶರ್ಟು, ಹೆಗಲ ಮೇಲೆ ಟವೆಲು, ಕೈಯಲ್ಲಿ ಹಾಲಿನ ಕ್ಯಾನು. ಅವಳನ್ನು ಕಂಡು ಅವನು ಗಲಿಬಿಲಿಗೊಂಡು ಲುಂಗಿ ಕೆಳಗಿಳಿಸಿದ.

"ಮೇಡಂ! ನೀವು... ಇಲ್ಲಿ?"

"ಬೈಸ್ಕೊಳ್ಳೋಕೆ ಬಂದೆ."

"ಹಾಲು ಹಾಕಿ ಬರ್ತೀನಿ. ಆಮೇಲೆ ಬೈತೀನಿ," ಎಂದ. ಮುಖದಲ್ಲಿ ನಗುವಿರಲಿಲ್ಲ.

ಖಾಲಿ ಕ್ಯಾನು ಹಿಡಿದು ಬಂದು, ಅವಳ ಜೊತೆ ಮನೆಯ ದಾರಿಯಲ್ಲಿ ನಡೆದ.

"ನನ್ನನ್ನ ನಿಯೋಜನೆ ಮಾಡಿಸಿದ್ದು ನೀವೇ ಅಂದ್ಕೊಂಡಿದ್ದೆ," ಎಂದಳು ಮಾನಸಾ. "ಅದು ಸುಳ್ಳು ಅಂತ ಈಗ ಗೊತ್ತು. ಆದ್ರೆ ಅದು ನಿಜವೇ ಆಗಿದ್ರೂ ನಾನು ಮಾಡಿದ್ದು ತಪ್ಪೇ. ನಿಮ್ಮ ಮೇಲಿನ ಸಿಟ್ಟಿಗೆ ಆ ಮಗೂನ ಅಳಿಸಿದೆ. ಬೇಕು ಅಂತಲೇ ಮಾಡಿದೆ ಸಾರ್. ತಿಳಿದೂ ತಿಳಿದೂ..."

"ಜನರ ಮುಂದೆ ಮಾನ ಹೋಯ್ತಲ್ಲ, ಅದು ನನಗೆ ನೋವಿಲ್ಲ," ಎಂದ ಅವನು. "ಮೊದಲು ನಾನೇ ನಿಮಗೆ ಹಾಗೆ ಮಾಡಿದ್ದು. ಆದ್ರೆ ಬಸ್ಸಲ್ಲಿ... ಕಣ್ಣಿಗೆ ಕಣ್ಣು ಕೊಟ್ಟು ಸುಳ್ಳು ಹೇಳಿದ್ರಲ್ಲ ಮಾನಸಾ. ಆ ದಿನ ನಾನು ಮನೆಗೆ ಹೋಗಿ ಅಮ್ಮಂಗೆ ಏನು ಹೇಳಿದ್ದೆ ಗೊತ್ತಾ? ನೀನು ಇನ್ನು ಹುಡುಗಿ ಹುಡುಕಬೇಡ, ನನಗೆ ಸಿಕ್ಕಿದ್ದಾಳೆ ಅಂತ."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ! ಮಾನಸಾಳ ಕಣ್ಣು ತುಂಬಿ ಹರಿಯಿತು.

"ಸುಳ್ಳು ಹೇಳಿದ್ದು ಆ ಒಂದೇ ಮಾತು," ಎಂದಳು ಬಿಕ್ಕುತ್ತಾ. "ನಕ್ಕಿದ್ದು ಸುಳ್ಳಲ್ಲ. ನಟನೆ ಮಾಡೋಕೆ ಬಂದಿದ್ದೆ, ಆಗಲೇ ಇಲ್ಲ. ನಿಮ್ಮ ಬೈಕು ಅಂತ ಊರಿನ ಗ್ಯಾಸ್ ಗಾಡಿಗೆಲ್ಲ ಎದ್ದು ಎದ್ದು ನೋಡ್ತಿದ್ದೀನಿ... ಮಕ್ಕಳೆಲ್ಲ ನಗ್ತಾರೆ. ಇಷ್ಟು ಸಾಕಾ, ಇನ್ನೂ ಹೇಳಬೇಕಾ?"

ಅವನು ನಿಂತ. ಇಷ್ಟು ಹೊತ್ತು ಬಿಗಿದಿದ್ದ ಮುಖ ಸಡಿಲವಾಯಿತು. "ಗ್ಯಾಸ್ ಗಾಡಿಗಾ?"

"ನಗಬೇಡಿ!"

"ನಗ್ತಿಲ್ಲ..." ಎನ್ನುತ್ತಲೇ ನಕ್ಕ. ಟೀ ಶರ್ಟಿಗೆ ಜೇಬಿಲ್ಲದ್ದರಿಂದ ಕರ್ಚೀಫು ಸಿಗದೆ, ಹೆಗಲ ಮೇಲಿನ ಟವೆಲನ್ನೇ ಅವಳ ಕೈಗಿಟ್ಟ. ಅದರಲ್ಲಿ ಹಸಿಹಾಲಿನ ವಾಸನೆಯಿತ್ತು. ಅವಳು ಅದರಲ್ಲೇ ಮುಖ ಒರೆಸಿಕೊಂಡಳು. ಅವನು ಬೇಲಿಯ ಪಕ್ಕದ ಕಲ್ಲಿನ ಮೇಲೆ ಕ್ಯಾನು ಇಟ್ಟು, ಅಲ್ಲೇ ಮರೆತು, ಅವಳ ಪಕ್ಕ ನಡೆಯತೊಡಗಿದ.

ಮನೆ ಹತ್ತಿರವಾಯಿತು. ಬಾಗಿಲಲ್ಲಿ ನಂಜಮ್ಮ ಇಣುಕಿ, ಇಬ್ಬರನ್ನೂ ಒಟ್ಟಿಗೆ ಕಂಡು, ಸರಕ್ಕನೆ ಒಳಗೆ ಸರಿದಳು. ಪಾತ್ರೆಗಳ ಸದ್ದು ಒಮ್ಮೆಲೇ ಜೋರಾಯಿತು.

"ಒಳಗೆ ಬನ್ನಿ."

"ಏನಂತ ಬರಲಿ ಸಾರ್? ನಿಮ್ಮ ಹೋಬಳಿಯ ಟೀಚರ್ ಅಂತಲಾ?"

"ಮೊದಲು ಆ ಸಾರ್ ಅನ್ನೋದು ಬಿಡಿ."

"ಮತ್ತೆ ಏನಂತ ಕರೀಲಿ?"

"ಈ ಮನೆ ಸೊಸೆ ಆಗೋಳು ಏನಂತ ಕರೀಬೇಕೋ ಹಾಗೆ."

ಮಾನಸಾಳ ಕೆನ್ನೆಗೆ ರಂಗೇರಿತು. ಅವಳು ಹೊಸಿಲವರೆಗೂ ಹೋದಳು. ಚಪ್ಪಲಿ ಬಿಟ್ಟಳು. ಏನೋ ನೆನಪಾಗಿ, ಅವನ ಖಾಲಿ ಕೈ ನೋಡಿ ತಿರುಗಿದಳು.

"ಏನ್ರೀ... ಕ್ಯಾನು ದಾರೀಲೇ ಬಿಟ್ಟು ಬಂದ್ರಲ್ರೀ!"

ಅವನು ಕ್ಯಾನಿನ ಕಡೆ ಹೋಗಲಿಲ್ಲ. ಅಂಗಳದ ನಡುವೆ ನಿಂತೇ ಇದ್ದ.

"ಇರ್ಲಿ ಬಿಡು. ಇನ್ನೊಂದ್ಸಲ ಕರಿ."

"ಏನ್ರೀ..." ಎಂದಳು ಮಾನಸಾ, ಒಳಗಿನವರಿಗೆ ಕೇಳದಷ್ಟು ಮೆಲ್ಲಗೆ.